ವೈರಸ್ ಕಾಣುತ್ತಿಲ್ಲ, ಅಂಗಾಲಿನ ಉರಿ ನಿಂತಿಲ್ಲ

ಬಾಗಲಕೋಟೆ ಜಿಲ್ಲೆಯ ಹಳ್ಳಿಯೊಂದರ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ವಯಸ್ಸು ಐವತ್ತರ ಹತ್ತಿರ. ಗಂಡ ಸತ್ತು ಇಪ್ಪತ್ತು ವರ್ಷ ಕಳೆದಿವೆ. ಅವನು ಹೋದ ಮೇಲೆಯೇ ತನಗೂ ಎಚ್‌ಐವಿ ಇದೆ ಎಂದು ಆಕೆಗೆ ಗೊತ್ತಾದದ್ದು. 2006ರಿಂದ, ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಗುಳಿಗೆ ಒಂದು ದಿನವೂ ತಪ್ಪಿಸಿಲ್ಲ. ಈಚೆಗೆ ಸಕ್ಕರೆ ಕಾಯಿಲೆಯೂ ಜೊತೆಯಾಗಿದೆ. ಎಆರ್‌ಟಿ ಸೆಂಟರಿನ ಲೆಕ್ಕದಲ್ಲಿ ಆಕೆ ಗೆದ್ದವಳು: ರಕ್ತದಲ್ಲಿನ ವೈರಸ್ಸಿನ ಎಣಿಕೆ, ಅಂದರೆ ವೈರಲ್ ಲೋಡ್, ‘ಪತ್ತೆಯಾಗಿಲ್ಲ’, ರೋಗ ತಡೆಯುವ ಸಿಡಿ4 ಕಣಗಳ ಎಣಿಕೆ ಚೆನ್ನಾಗಿದೆ. ‘ಹಿಂಗೇ ತಗೊಂಡು ಹೋಗ್ರಿ ಅಕ್ಕಾರ’ ಎಂದು ಗುಳಿಗೆ ಡಬ್ಬಿ ಕೊಟ್ಟು ಕಳಿಸುತ್ತಾರೆ. ಆಕೆಯೋ ರಾತ್ರಿ ಕಾಲಿನ ಮೇಲೆ ಚಾದರ ತಾಗಿದರೂ ತಡೆಯಲಾರಳು. ಮನೆಯವರೆಲ್ಲ ಮಲಗಿದ ಮೇಲೆ ಎದ್ದು, ನೆಲದ ತಣ್ಣನೆಯ ಫರಸಿ ಕಲ್ಲಿಗೆ ಅಂಗಾಲು ಒತ್ತಿಕೊಂಡು ಗೋಡೆಗೊರಗಿ ಕೂರುತ್ತಾಳೆ.

ಲ್ಯಾಬಿನ ಚೀಟಿಯಲ್ಲಿ ಈ ಫರಸಿ ಎಲ್ಲೂ ಕಾಣುವುದಿಲ್ಲ. ಅದನ್ನು ಕಾಣುವ ವೈದ್ಯಕ್ಕೆ ಪ್ಯಾಲಿಯೇಟಿವ್ ಕೇರ್ ಎನ್ನುತ್ತಾರೆ. ಕನ್ನಡದಲ್ಲಿ ಉಪಶಮನ ಆರೈಕೆ.

ಆ ಹೆಸರು ಕೇಳಿದ ಕೂಡಲೇ ನಮ್ಮಲ್ಲಿ ಬಹುಪಾಲು ಜನರ ಕಣ್ಣ ಮುಂದೆ ಬರುವುದು ಸಾವಿನ ಮಂಚ. ‘ಡಾಕ್ಟ್ರು ಕೈಚೆಲ್ಲಿದ್ರು, ಮನೆಗೆ ಕರಕೊಂಡು ಹೋಗಿ ಅಂದ್ರು’ ಎಂಬ ಮಾತಿನ ಮುಂದಿನ ಅಧ್ಯಾಯ ಅದು ಎಂದು ತಿಳಿದಿದ್ದೇವೆ. ಹೀಗೆ ತಿಳಿದಿರುವುದಕ್ಕೆ ಕಾರಣವೂ ಇದೆ. ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಎಂಬ ಆರೈಕೆ ಮನೆ ತೆರೆದಾಗ ಅಲ್ಲಿಗೆ ಬಂದವರು ಹೆಚ್ಚಾಗಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳು. ಬೆಂಗಳೂರಿನಲ್ಲಿ 1999ರಿಂದ ಹಣ ಪಡೆಯದೆ ನಡೆಯುತ್ತಿರುವ ಕರುಣಾಶ್ರಯವೂ ಮುಖ್ಯವಾಗಿ ಕ್ಯಾನ್ಸರ್ ರೋಗಿಗಳದ್ದೇ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಇಪ್ಪತ್ತು ವರ್ಷಗಳಿಗೂ ಹಿಂದೆಯೇ ವ್ಯಾಖ್ಯೆಯನ್ನು ಬದಲಿಸಿತು: ಜೀವಕ್ಕೆ ಅಪಾಯ ತರುವ ಕಾಯಿಲೆ ಪತ್ತೆಯಾದ ದಿನದಿಂದಲೇ, ರೋಗಕ್ಕೆ ಮದ್ದು ನಡೆಯುತ್ತಿರುವಾಗಲೇ, ಉಪಶಮನ ಆರೈಕೆಯೂ ಅದರ ಜೊತೆಗೆ ಶುರುವಾಗಬೇಕು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 5.7 ಕೋಟಿ ಜನರಿಗೆ ಇದು ಬೇಕು, ಸಿಗುವುದು ನೂರರಲ್ಲಿ ಹದಿನಾಲ್ಕು ಮಂದಿಗೆ ಎಂದು ಅದೇ ಸಂಸ್ಥೆಯ ಅಂದಾಜು. ಬೇಕಾದವರಲ್ಲಿ ಕ್ಯಾನ್ಸರ್ ಇಲ್ಲದವರೇ ಹೆಚ್ಚು: ಹೃದಯ ಸೋತವರು, ಶ್ವಾಸಕೋಶ ಕೆಟ್ಟವರು, ಕಿಡ್ನಿ ಕೈಕೊಟ್ಟವರು, ಮರೆವಿನ ಕಾಯಿಲೆಯವರು, ಎಚ್‌ಐವಿ ಇರುವವರು.

ಎಚ್‌ಐವಿಯ ವಿಚಾರದಲ್ಲಿ ಈ ಮಾತಿಗೆ ಇನ್ನೂ ಒಂದು ತೂಕವಿದೆ. ಭಾರತದಲ್ಲಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಸರ್ಕಾರ ಎಆರ್‌ಟಿಯನ್ನು ಉಚಿತವಾಗಿ ಕೊಡಲು ಆರಂಭಿಸಿದ್ದು 2004ರ ಏಪ್ರಿಲ್ 1ರಂದು. ನಡುವಿನ ಆ ಹದಿನೆಂಟು ವರ್ಷ ಬಡವರ ಪಾಲಿಗೆ ಔಷಧಿ ಇರಲಿಲ್ಲ, ಇದ್ದದ್ದು ಆರೈಕೆ ಮಾತ್ರ. ಬೆಂಗಳೂರಿನ ಸರ್ಜಾಪುರ ರಸ್ತೆಯ ಸ್ನೇಹದಾನದಂಥ ಕೇಂದ್ರಗಳು ತೊಂಬತ್ತರ ದಶಕದಲ್ಲಿ ಹುಟ್ಟಿದ್ದು ಹಾಗೆ: ಮನೆಯವರು ಹೊರಗೆ ಹಾಕಿದವರನ್ನು ಒಳಗೆ ಕರೆದುಕೊಳ್ಳಲು. ಆಮೇಲೆ ಗುಳಿಗೆ ಬಂತು, ಸಾಯುವವರು ಎದ್ದು ಕೂತರು, ಹೊಲಕ್ಕೆ ಹೋದರು, ಮಕ್ಕಳ ಮದುವೆ ಮಾಡಿದರು. ಆ ಸಂಭ್ರಮದಲ್ಲಿ ಆರೈಕೆಯ ಭಾಗ ಸಡಿಲವಾಯಿತು. ಹಾಸಿಗೆಯಿದ್ದ ಸಮುದಾಯ ಆರೈಕೆ ಕೇಂದ್ರಗಳ ಯೋಜನೆ 2013ರ ಹೊತ್ತಿಗೆ ನಿಂತು, ಅದರ ಜಾಗಕ್ಕೆ ‘ವಿಹಾನ್’ ಹೆಸರಿನಲ್ಲಿ ಸಲಹೆ, ಬೆಂಬಲ, ಗುಳಿಗೆ ಬಿಟ್ಟವರನ್ನು ಹುಡುಕಿ ಕರೆತರುವ ಕೆಲಸಗಳ ಕೇಂದ್ರಗಳು ಬಂದವು. ಅವೂ ಬೇಕಾದ ಕೆಲಸಗಳೇ. ಆದರೆ ಮಲಗಿದವರಿಗೆ ಮಂಚ ಎಲ್ಲಿ ಎಂಬ ಪ್ರಶ್ನೆ ಹಾಗೇ ಉಳಿಯಿತು.

ಇವತ್ತು ದೇಶದಲ್ಲಿ ಸುಮಾರು 25 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ, ಕರ್ನಾಟಕದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು. ಇವರಿಗೆ ವಯಸ್ಸಾಗುತ್ತಿದೆ. ಎಚ್‌ಐವಿ ಇದ್ದವರಿಗೂ ಬಿಪಿ, ಸಕ್ಕರೆ, ಮಂಡಿನೋವು, ಕಿಡ್ನಿ ತೊಂದರೆ ಬರುತ್ತದೆ. ಕೆಲವು ತುಸು ಬೇಗನೆ ಬರುತ್ತವೆ.

ನೋವಿಗೆ ಕನ್ನಡದಲ್ಲಿ ಎಷ್ಟು ಹೆಸರು

ಮತ್ತೆ ಆ ಅಕ್ಕನ ಅಂಗಾಲಿಗೆ ಬರೋಣ. ‘ಕಾಲು ನೋವು’ ಎಂದು ಬರೆದುಕೊಂಡು ಡೈಕ್ಲೋಫಿನ್ಯಾಕ್ ಕೊಟ್ಟು ಕಳಿಸಿದರೆ ಎರಡು ತಪ್ಪು ಒಟ್ಟಿಗೇ ಆಗುತ್ತವೆ. ಒಂದು, ಆ ಗುಳಿಗೆ ಈ ನೋವಿಗೆ ನಾಟುವುದಿಲ್ಲ. ಎರಡು, ಈಗಿನ ಎಆರ್‌ಟಿ ಗುಳಿಗೆಯಲ್ಲಿರುವ ಟೆನೋಫೋವಿರ್ ಕಿಡ್ನಿಯ ಮೇಲೆ ಕಣ್ಣಿಟ್ಟೇ ಕೊಡಬೇಕಾದ ಔಷಧಿ. ಅದರ ಮೇಲೆ ದಿನವೂ ಡೈಕ್ಲೋಫಿನ್ಯಾಕ್ ಬಿದ್ದರೆ ಕಿಡ್ನಿಗೆ ಇಮ್ಮಡಿ ಪೆಟ್ಟು. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ‘ಮೈಕೈ ನೋವಿನ ಗುಳಿಗೆ’ ಕೊಳ್ಳುವ ನಮ್ಮ ರೂಢಿ ಇಲ್ಲಿ ನಿಜಕ್ಕೂ ಅಪಾಯಕಾರಿ.

ಆಕೆಯನ್ನೇ ಮಾತಾಡಲು ಬಿಟ್ಟರೆ ಅರ್ಧ ರೋಗನಿರ್ಣಯ ಅಲ್ಲೇ ಆಗುತ್ತದೆ. ‘ಖಾರಪುಡಿ ಸವರಿದಂಗ ಉರೀತೈತ್ರಿ. ಇರಿವಿ ಹರದಂಗ ಆಕ್ಕೈತಿ. ಹತ್ತಿ ಮ್ಯಾಲ ಕಾಲಿಟ್ಟಂಗ. ಚಪ್ಲಿ ಕಳಚಿ ಬಿದ್ರೂ ಗೊತ್ತಾಗಂಗಿಲ್ಲ ನೋಡ್ರಿ.’ ಉರಿ, ಜೋಮು, ಚಳಕು, ಇರುವೆ ಹರಿದಂತಾಗುವುದು: ಇವು ನರದ ನೋವಿನ ಮಾತುಗಳು. ಏಟು ಬಿದ್ದ ಜಾಗದ ಸಿಡಿತ ಬೇರೆ, ಹೊಟ್ಟೆ ಹಿಂಡಿದಂತಾಗುವುದು ಬೇರೆ, ಮೀನಖಂಡದ ಸೆಳೆತ ಬೇರೆ, ಕೀಲಿನ ಹಿಡಿತ ಬೇರೆ. ಪಠ್ಯಪುಸ್ತಕ ಉದ್ದುದ್ದ ಗ್ರೀಕ್ ಪದಗಳಲ್ಲಿ ಹೇಳುವುದನ್ನು ನಮ್ಮ ಜನ ಅಡುಗೆಮನೆಯ, ಹೊಲದ ಮಾತಿನಲ್ಲಿ ಕರಾರುವಾಕ್ಕಾಗಿ ಹೇಳುತ್ತಾರೆ. ಬರೆದುಕೊಳ್ಳುವಾಗ ಮಾತ್ರ ಅವೆಲ್ಲ ಒಂದೇ ‘ಪೇನ್’ ಆಗಿಬಿಡುತ್ತವೆ. ನೋವು ಎಷ್ಟು ಎಂದು ಅಳೆಯಲು ಆಸ್ಪತ್ರೆಗಳಲ್ಲಿ ಸೊನ್ನೆಯಿಂದ ಹತ್ತರವರೆಗಿನ ಅಂಕಿ ಕೇಳುತ್ತಾರೆ. ಅದು ಹಿಡಿಸದ ಹಿರಿಯರನ್ನು ‘ರೂಪಾಯಿಗೆ ಎಷ್ಟಾಣೆ ನೋವು?’ ಎಂದು ಕೇಳಿ ನೋಡಬಹುದು. ‘ಹನ್ನೆರಡಾಣೆ’ ಎಂಬ ಉತ್ತರಕ್ಕೆ ಹತ್ತರಲ್ಲಿ ಏಳೂವರೆಯಷ್ಟೇ ಬೆಲೆ ಇದೆ.

ಈ ಉರಿ ಎಲ್ಲಿಂದ ಬಂತು? ಒಂದೇ ಕಡೆಯಿಂದ ಬಂದಿರಲಾರದು. ಎಚ್‌ಐವಿಯೇ ನರಗಳನ್ನು ಕೆಡಿಸುತ್ತದೆ. ಜೊತೆಗೆ 2004ರ ನಂತರದ ವರ್ಷಗಳಲ್ಲಿ ನಮ್ಮಲ್ಲಿ ಬಹಳಷ್ಟು ಜನ ತೆಗೆದುಕೊಂಡದ್ದು ಸ್ಟಾವುಡಿನ್ ಎಂಬ ಹಳೆಯ ಎಚ್‌ಐವಿ ಔಷಧಿ ಇದ್ದ ಗುಳಿಗೆ. ಅಗ್ಗ, ಪರಿಣಾಮಕಾರಿ, ಲಕ್ಷಾಂತರ ಜೀವ ಉಳಿಸಿತು. ಆದರೆ ಕೆನ್ನೆಯ ಕೊಬ್ಬು ಕರಗಿಸಿತು, ಅಂಗಾಲಿನ ನರ ಸುಟ್ಟಿತು. 2009ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಹಂತಹಂತವಾಗಿ ಬಿಡಲು ಹೇಳಿತು. ಗುಳಿಗೆ ಹೋಯಿತು, ಕೆಲವರಲ್ಲಿ ಉರಿ ಉಳಿಯಿತು. ಇದರ ಮೇಲೆ ಟಿಬಿಗೆ ಐಸೋನಿಯಾಜಿಡ್ ತೆಗೆದುಕೊಂಡಿದ್ದರೆ ಅದೂ ನರಕ್ಕೆ ತಟ್ಟುತ್ತದೆ, ಅದಕ್ಕೇ ವಿಟಮಿನ್ ಬಿ6 ಜೊತೆಗೆ ಕೊಡುವುದು. ಸಕ್ಕರೆ ಕಾಯಿಲೆಯ ಉರಿ ಎಲ್ಲರಿಗೂ ಗೊತ್ತು. ಸಕ್ಕರೆಗೆ ವರ್ಷಗಟ್ಟಲೆ ತಿನ್ನುವ ಮೆಟ್‌ಫಾರ್ಮಿನ್ ಬಿ12 ಅಂಶವನ್ನು ಇಳಿಸುತ್ತದೆ, ಆ ಕೊರತೆಯೂ ನರದ ಶತ್ರು. ಒಂದು ಜೊತೆ ಕಾಲಿಗೆ ಐದು ಕಾರಣ. ಇವುಗಳಲ್ಲಿ ಬಿ12 ಕೊರತೆಯಂಥದ್ದನ್ನು ಸರಿಪಡಿಸಲು ಆಗುತ್ತದೆ, ಸಕ್ಕರೆಯನ್ನು ಹತೋಟಿಗೆ ತರಲು ಆಗುತ್ತದೆ. ಉಪಶಮನ ಎಂದರೆ ಮೊದಲು ಈ ಹುಡುಕಾಟ.

ಉಳಿದ ಉರಿಗೆ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ರಾತ್ರಿ ಹೊತ್ತು ಸಣ್ಣ ಪ್ರಮಾಣದ ಅಮಿಟ್ರಿಪ್ಟಿಲಿನ್‌ನಂಥ ಔಷಧಿಗಳಿವೆ. ಕಡಿಮೆಯಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ, ಪರಿಣಾಮ ಕಾಣಲು ಕೆಲ ವಾರ ಬೇಕು, ಎಲ್ಲರಿಗೂ ನಾಟುವುದಿಲ್ಲ. ಮೆಣಸಿನಕಾಯಿಯ ಖಾರದಂಶವಾದ ಕ್ಯಾಪ್ಸೈಸಿನ್ ಇರುವ ಮುಲಾಮು, ಪಟ್ಟಿಗಳೂ ಇವೆ. ಖಾರಪುಡಿ ಸವರಿದಂತಿರುವ ಉರಿಗೆ ಖಾರವನ್ನೇ ಸವರುವುದು ವಿಚಿತ್ರ ಅನ್ನಿಸಿದರೂ, ಆ ಖಾರ ನೋವಿನ ನರತುದಿಗಳನ್ನು ದಣಿಸಿ ಸುಮ್ಮನಾಗಿಸುತ್ತದೆ.

ನರದ ನೋವಿಗೆ ಬಳಕೆಯಲ್ಲಿರುವ ಕಾರ್ಬಮಝೆಪಿನ್ ಮಾತ್ರ ಇಲ್ಲಿ ಬೇಡ. ಈಗ ಹೆಚ್ಚಿನವರು ತೆಗೆದುಕೊಳ್ಳುವ ಗುಳಿಗೆಯಲ್ಲಿರುವ ಡೊಲುಟೆಗ್ರಾವಿರ್‌ ಅಂಶವನ್ನು ಅದು ರಕ್ತದಲ್ಲಿ ಇಳಿಸಿಬಿಡುತ್ತದೆ. ಫಿಟ್ಸ್‌ನ ಫೆನಿಟಾಯಿನ್ ಕೂಡ ಹಾಗೆಯೇ. ಟಿಬಿಯ ರಿಫಾಂಪಿಸಿನ್ ನಡೆಯುತ್ತಿರುವಾಗ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗುತ್ತದೆ. ಗ್ಯಾಸ್ಟ್ರಿಕ್‌ಗೆ ಕುಡಿಯುವ ಮೆಗ್ನೀಸಿಯಂ, ಅಲ್ಯೂಮಿನಿಯಂ ಇರುವ ಆಂಟಾಸಿಡ್ ಅದನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಎಆರ್‌ಟಿ ಗುಳಿಗೆ ಆಂಟಾಸಿಡ್‌ಗಿಂತ ಎರಡು ತಾಸು ಮೊದಲು ಇಲ್ಲವೇ ಆರು ತಾಸು ನಂತರ ನುಂಗಬೇಕು. ಇನ್ನು ಮೆಟ್‌ಫಾರ್ಮಿನ್ ಮಟ್ಟವನ್ನು ಡೊಲುಟೆಗ್ರಾವಿರ್ ಏರಿಸುವುದರಿಂದ, ಅದು ಸಾಮಾನ್ಯವಾಗಿ ದಿನಕ್ಕೆ 1000 ಮಿಲಿಗ್ರಾಂ ದಾಟದಂತೆ ನೋಡಿಕೊಳ್ಳುತ್ತಾರೆ. ಸಕ್ಕರೆ ಡಾಕ್ಟರ ಹತ್ತಿರ ಎಚ್‌ಐವಿ ವಿಷಯ ಮುಚ್ಚಿಟ್ಟರೆ ಇದನ್ನೆಲ್ಲ ನೋಡುವವರು ಯಾರು? ಮುಚ್ಚಿಡುವುದಕ್ಕೆ ರೋಗಿಯನ್ನು ಬೈದರೆ ಪ್ರಯೋಜನವಿಲ್ಲ. ಹೇಳಿದ ಮರುದಿನ ಊರಿಗೆಲ್ಲ ಗೊತ್ತಾದ ಕಥೆಗಳು ಆಕೆಯ ಕಿವಿಗೆ ಬಿದ್ದಿರುತ್ತವೆ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, ಒಪ್ಪಿಗೆಯಿಲ್ಲದೆ ಒಬ್ಬರ ಸ್ಥಿತಿಯನ್ನು ಬಹಿರಂಗಪಡಿಸುವುದನ್ನೂ ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವುದನ್ನೂ ನಿಷೇಧಿಸುತ್ತದೆ. ಈ ಮಾತನ್ನು ಆಕೆಗೆ ಹೇಳುವುದೂ ಚಿಕಿತ್ಸೆಯ ಭಾಗವೇ.

ಮಾರ್ಫಿನ್ ಎಂಬ ಹೆದರಿಕೆ

ಇನ್ನೊಂದು ಬಗೆಯ ನೋವು ಇದೆ. ಕ್ಯಾನ್ಸರ್, ಕೊಳೆತ ಹುಣ್ಣು, ಮಿದುಳುಪೊರೆಯ ಸೋಂಕಿನ ತಲೆನೋವು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಮೂರು ಮೆಟ್ಟಿಲಿನ ಏಣಿಯೊಂದನ್ನು ಕೊಟ್ಟಿತು: ಮೊದಲು ಪ್ಯಾರಾಸಿಟಮಾಲ್‌ನಂಥದ್ದು, ಸಾಲದಿದ್ದರೆ ಟ್ರಮಡಾಲ್ ಇಲ್ಲವೇ ಕೊಡೀನ್, ಅದೂ ಸಾಲದಿದ್ದರೆ ಬಾಯಿಯಿಂದ ನುಂಗುವ ಮಾರ್ಫಿನ್. ವಿಪರ್ಯಾಸ ನೋಡಿ: ಮಾರ್ಫಿನ್ ತೆಗೆಯುವ ಅಫೀಮನ್ನೇ ಕಾನೂನುಬದ್ಧವಾಗಿ ಬೆಳೆದು ಹೊರದೇಶಗಳಿಗೆ ಕಳಿಸುವ ದೇಶ ನಮ್ಮದು. 1985ರಲ್ಲಿ ಮಾದಕ ವಸ್ತುಗಳನ್ನು ತಡೆಯುವ ಎನ್‌ಡಿಪಿಎಸ್ ಕಾಯ್ದೆ ಬಂತು. ಲೆಕ್ಕ ಸ್ವಲ್ಪ ತಪ್ಪಿದರೂ ಜೈಲು ಎಂಬ ಭಯಕ್ಕೆ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 1997ರ ಹೊತ್ತಿಗೆ ಇಡೀ ದೇಶದ ವರ್ಷದ ಬಳಕೆ ಸುಮಾರು 18 ಕೆಜಿಗೆ ಕುಸಿದಿತ್ತು. ಕೇರಳದ ಉಪಶಮನ ವೈದ್ಯ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರ ವರ್ಷಗಳ ಓಡಾಟದ ನಂತರ 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಹಲವು ಇಲಾಖೆಗಳ ಪರವಾನಗಿಯ ಬದಲು, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ ಒಂದೇ ಕಡೆಯ ಅನುಮತಿಯಲ್ಲಿ ಇಟ್ಟುಕೊಳ್ಳಬಹುದು ಎಂದಾಯಿತು. ಹಾಗಿದ್ದೂ ತಾಲ್ಲೂಕು ಮಟ್ಟದಲ್ಲಿ ಕೇಳಿ ನೋಡಿ, ‘ಬೆಂಗಳೂರಿಗೆ ಹೋಗಿ’ ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಕಿಲ್ಲ. ಬಾಗಲಕೋಟೆಯಿಂದ ಬೆಂಗಳೂರಿಗೆ ಒಂದು ರಾತ್ರಿಯ ಬಸ್ಸು. ನೋವಿರುವವರು ಆ ಸೀಟಿನಲ್ಲಿ ಕೂತು ಬರಬೇಕು.

ಮನೆಯವರ ಹೆದರಿಕೆ ಬೇರೆಯದು: ‘ಚಟ ಹತ್ತಿದರೆ?’ ನೋವಿಗೆ ತಕ್ಕಂತೆ ಅಳೆದು, ಗಡಿಯಾರ ನೋಡಿ ನಾಲ್ಕು ತಾಸಿಗೊಮ್ಮೆ ಕೊಡುವ ಮಾರ್ಫಿನ್‌ನಿಂದ ಚಟ ಹತ್ತುವುದು ಅಪರೂಪ. ‘ಕೊಟ್ಟರೆ ಬೇಗ ಸಾಯುತ್ತಾರೆ’ ಎಂಬುದೂ ನಿಜವಲ್ಲ. ಉಸಿರು ಕಟ್ಟುವ ಸಂಕಟಕ್ಕೂ ಸಣ್ಣ ಪ್ರಮಾಣದಲ್ಲಿ ಇದನ್ನೇ ಕೊಡುತ್ತಾರೆ. ಖಂಡಿತ ಆಗುವ ತೊಂದರೆ ಮಲಬದ್ಧತೆ. ಅದಕ್ಕೆ ಮೊದಲ ದಿನದಿಂದಲೇ ಬೇರೆ ಔಷಧಿ ಜೊತೆಗಿರಲೇಬೇಕು. ಕಿಡ್ನಿ ಕೆಟ್ಟವರಲ್ಲಿ ಮಾತ್ರ ಮಾರ್ಫಿನ್‌ನ ಅಂಶಗಳು ಮೈಯಲ್ಲೇ ಉಳಿಯುತ್ತವೆ, ಅಲ್ಲಿ ಫೆಂಟನಿಲ್‌ನಂಥ ಬೇರೆ ದಾರಿ ಹಿಡಿಯುತ್ತಾರೆ. ದಿಢೀರನೆ ನಿಲ್ಲಿಸುವುದೂ ಸಲ್ಲದು.

ಯಾವಾಗ ಕೊನೆ?

ಕಾಯಿಲೆಗಳು ಇಳಿಯುವ ಹಾದಿ ಬೇರೆ ಬೇರೆ. ಕ್ಯಾನ್ಸರ್‌ನಲ್ಲಿ ಬಹುಕಾಲ ಮೈ ತಕ್ಕಮಟ್ಟಿಗೆ ನಡೆದುಕೊಂಡು ಹೋಗಿ, ಕೊನೆಯ ಕೆಲವು ತಿಂಗಳಲ್ಲಿ ಸರ್ರನೆ ಇಳಿಯುತ್ತದೆ. ಹೃದಯ, ಶ್ವಾಸಕೋಶದ ಕಾಯಿಲೆಯವರು ಆಗಾಗ ಆಸ್ಪತ್ರೆಗೆ ಹೋಗಿ ಬರುತ್ತಾರೆ, ಬಂದಾಗ ಒಂದು ಮೆಟ್ಟಿಲು ಕೆಳಗೆ. ಮರೆವಿನ ಕಾಯಿಲೆ ಎಣ್ಣೆ ತೀರುವ ದೀಪ. ಎಚ್‌ಐವಿಯ ಹಾದಿ ಇವು ಮೂರಕ್ಕೂ ಸೇರುವುದಿಲ್ಲ. ಸಿಡಿ4 ಇಪ್ಪತ್ತಕ್ಕೆ ಇಳಿದು, ಬಾಯಿತುಂಬ ಬಿಳಿ ಅಗ್ರ, ಎಲುಬಿನ ಗೂಡಾಗಿ ಮಲಗಿದವರು ಸರಿಯಾದ ಚಿಕಿತ್ಸೆ ಸಿಕ್ಕರೆ ಆರು ತಿಂಗಳಲ್ಲಿ ನಡೆದಾಡಬಹುದು. ಆದ್ದರಿಂದ ‘ಇನ್ನು ಏನೂ ಮಾಡಲಾಗದು’ ಎಂಬ ತೀರ್ಪನ್ನು ಎಚ್‌ಐವಿಯಲ್ಲಿ ಬಹಳ ಎಚ್ಚರದಿಂದ ಕೊಡಬೇಕು. ಎಚ್ಚರ ತಪ್ಪಿ ಮಲಗಿದವರಿಗೆ ಇರುವುದು ಕ್ರಿಪ್ಟೋಕಾಕಸ್ ಶಿಲೀಂಧ್ರದ ಮಿದುಳುಪೊರೆ ಸೋಂಕೋ, ಟಿಬಿಯೋ ಆಗಿದ್ದರೆ ಅದಕ್ಕೆ ಮದ್ದಿದೆ. ಎಆರ್‌ಟಿ ಶುರುವಾದ ಮೊದಲ ವಾರಗಳಲ್ಲಿ, ಮೈಯ ರಕ್ಷಣಾ ಶಕ್ತಿ ಎಚ್ಚರಗೊಂಡು ಅಡಗಿದ್ದ ಸೋಂಕಿನ ಮೇಲೆ ಎರಗುವುದರಿಂದ ಕೆಲವರಿಗೆ ಕಾಯಿಲೆ ಒಮ್ಮೆಗೇ ಬಿಗಡಾಯಿಸಿದಂತೆ ಕಾಣುತ್ತದೆ. ‘ಗುಳಿಗೆ ಆಗಿಬರಲಿಲ್ಲ’ ಎಂದು ಅಲ್ಲಿಗೇ ಬಿಟ್ಟುಬಿಡುವವರುಂಟು.

ಉಪಶಮನ ಜೀವ ಉಳಿಸುವುದು ಇಂಥ ಕಡೆ. ವಾಂತಿ ನಿಂತರೆ ತಾನೇ ಗುಳಿಗೆ ಒಳಗೆ ನಿಲ್ಲುವುದು? ಬಾಯಿಹುಣ್ಣು ಮಾಗಿದರೆ ತಾನೇ ಎರಡು ತುತ್ತು ಗಂಜಿ ಇಳಿಯುವುದು? ನಿದ್ದೆ ಬಂದರೆ ತಾನೇ ನಾಳೆಯ ಮಾತು? ನಾನು ಕಂಡಂತೆ, ಉಪಶಮನ ಮತ್ತು ಚಿಕಿತ್ಸೆಯನ್ನು ಎರಡು ಬಾಗಿಲುಗಳಂತೆ ಬೇರೆ ಮಾಡಿ ತೋರಿಸುವ ಅಭ್ಯಾಸ ಎಚ್‌ಐವಿ ರೋಗಿಗಳಿಗೆ ಬೇರೆಲ್ಲರಿಗಿಂತ ಹೆಚ್ಚು ಕೇಡು ಮಾಡಿದೆ.

ಮನೆಯಲ್ಲಿ ಮಲಗಿದವರ ಆರೈಕೆ ಬಹಳ ಮಟ್ಟಿಗೆ ಕೈಕೆಲಸ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ಮುದುರಿದ ಹಾಸಿಗೆ ಸರಿಮಾಡುವುದು, ಮೃದು ಬಟ್ಟೆಯಿಂದ ಬಾಯಿ ಒರೆಸುವುದು. ವಾಸನೆ ಬರುವ ಹುಣ್ಣಿಗೆ ಮೆಟ್ರೋನಿಡಜೋಲ್ ಗುಳಿಗೆಯನ್ನು ಪುಡಿಮಾಡಿ ಉದುರಿಸಿದರೆ ವಾಸನೆ ತಗ್ಗುತ್ತದೆ, ಕೋಣೆಗೆ ಬರಲು ಹಿಂಜರಿಯುತ್ತಿದ್ದವರು ಮತ್ತೆ ಬಂದು ಕೂರುತ್ತಾರೆ. ಎಚ್‌ಐವಿ ಇರುವವರಿಗೆ ಸ್ನಾನ ಮಾಡಿಸಿದರೆ, ಊಟ ಮಾಡಿಸಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಸೋಂಕು ತಾಗುವುದಿಲ್ಲ. ರಕ್ತ, ಹುಣ್ಣಿನ ರಸ ಮುಟ್ಟುವಾಗ ಗ್ಲೌಸ್ ಬೇಕು, ಚೆಲ್ಲಿದ್ದಕ್ಕೆ ಬ್ಲೀಚಿಂಗ್ ದ್ರಾವಣ. ಅಷ್ಟೇ.

ಇದನ್ನು ಕಲಿಸಿ, ವಾರಕ್ಕೊಮ್ಮೆ ಬಂದು ನೋಡುವವರು ಬೇಕು. ಕೇರಳ 2008ರಲ್ಲೇ ನೀತಿ ಮಾಡಿ, ಪಂಚಾಯಿತಿ ಮಟ್ಟದಲ್ಲಿ ಮನೆಮನೆಗೆ ಹೋಗುವ ನರ್ಸ್‌ಗಳನ್ನು ಇಟ್ಟಿತು. ಅದಕ್ಕೂ ಮೊದಲೇ ಕೋಳಿಕ್ಕೋಡಿನಲ್ಲಿ ನೆರೆಹೊರೆಯವರೇ ತರಬೇತಿ ಪಡೆದು ಈ ಕೆಲಸಕ್ಕೆ ಇಳಿದಿದ್ದರು. ಕರ್ನಾಟಕದ ನೀತಿ ಬಂದದ್ದು 2016ರಲ್ಲಿ. ಕಾಗದ ನಮ್ಮಲ್ಲೂ ಇದೆ, ಬಾಗಿಲು ತಟ್ಟುವ ಕೈ ಕಡಿಮೆ. ಎಚ್‌ಐವಿ ಮನೆಗಳಿಗೆ ಇನ್ನೊಂದು ಸೂಕ್ಷ್ಮವೂ ಇದೆ: ಸಂಸ್ಥೆಯ ಹೆಸರು ಬರೆದ ಜೀಪು ಓಣಿಯಲ್ಲಿ ನಿಂತರೆ ಸಾಕು, ಇಪ್ಪತ್ತು ವರ್ಷ ಕಾಪಾಡಿದ ಗುಟ್ಟು ಸಂಜೆಯೊಳಗೆ ಕಟ್ಟೆ ಏರುತ್ತದೆ. ಅಂಥ ಮನೆಗೆ ನರ್ಸ್ ಬೈಕಿನಲ್ಲಿ, ಸಾದಾ ಬಟ್ಟೆಯಲ್ಲಿ, ಸಕ್ಕರೆ ಪರೀಕ್ಷೆಗೆ ಬಂದವರಂತೆ ಬರುವುದು ಒಳ್ಳೆಯದು.

ಸಾಂಡರ್ಸ್ ‘ಒಟ್ಟು ನೋವು’ ಎಂಬ ಮಾತು ಬಳಸಿದ್ದು ಇದಕ್ಕೇ: ಮೈಯದು, ಮನಸ್ಸಿನದು, ಹಣದ್ದು, ಸಂಬಂಧದ್ದು, ‘ನನಗೇ ಯಾಕೆ’ ಎಂಬುದು, ಎಲ್ಲ ಹೆಣೆದುಕೊಂಡಿರುತ್ತವೆ. ನಮ್ಮ ಅಕ್ಕ ಗಂಡನನ್ನು ಕೊನೆಯವರೆಗೂ ತೊಳೆದು ಬಳಿದು ನೋಡಿಕೊಂಡವಳು. ಅವನು ತಂದ ಕಾಯಿಲೆಗೆ ಮಾತು ಕೇಳಿದವಳೂ ಅವಳೇ. ಈ ಸಿಟ್ಟು, ದುಃಖ ಎರಡನ್ನೂ ಇಪ್ಪತ್ತು ವರ್ಷದಲ್ಲಿ ಯಾರ ಮುಂದೆಯೂ ಬಿಚ್ಚಿಲ್ಲ. ಗ್ಯಾಬಪೆಂಟಿನ್ ಇದಕ್ಕೆ ನಾಟುವುದಿಲ್ಲ. ಕೂತು ಕೇಳುವವರೊಬ್ಬರು ಸಿಕ್ಕಿದ ರಾತ್ರಿ ಅಂಗಾಲಿನ ಉರಿಯೂ ಒಂದೆರಡಾಣೆ ಇಳಿಯುವುದುಂಟು.

ಮುಂದೆ ತನಗೆ ಏನಾಗಬೇಕು, ಏನು ಬೇಡ ಎಂದು ಎಚ್ಚರವಿದ್ದಾಗಲೇ ಬರೆದಿಡುವ ದಾರಿಯೂ ಈಗ ಇದೆ. ಸುಪ್ರೀಂ ಕೋರ್ಟ್ 2018ರಲ್ಲಿ ಮುಂಗಡ ವೈದ್ಯಕೀಯ ನಿರ್ದೇಶನವನ್ನು ಒಪ್ಪಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಅದನ್ನು ಜಾರಿಮಾಡಲು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಆದೇಶ ಹೊರಡಿಸಿತು. ಚೇತರಿಕೆಯ ಆಸೆ ಇಲ್ಲದಾಗ ಯಂತ್ರಗಳನ್ನು ತೆಗೆಯುವ ನಿರ್ಧಾರವನ್ನು ವೈದ್ಯರ ಎರಡು ಮಂಡಳಿಗಳು ನೋಡಬೇಕು. ಎಚ್‌ಐವಿ ಇರುವವರಿಗೆ ಈ ಕಾಗದದಲ್ಲಿ ಇನ್ನೊಂದು ಅನುಕೂಲ: ತನ್ನ ಪರವಾಗಿ ಮಾತಾಡುವವರು ಯಾರೆಂದು ತಾನೇ ಹೆಸರಿಸಬಹುದು. ಸತ್ಯ ಗೊತ್ತಿರುವ ಗೆಳತಿಯನ್ನು ಹೆಸರಿಸಬಹುದು, ಗೊತ್ತಿಲ್ಲದ ಮೈದುನನನ್ನು ಬಿಡಬಹುದು.

ಕೌನ್ಸೆಲರ್ ಜೊತೆ ಇಂಥ ಮಾತು ಶುರುವಾದರೆ ಆಕೆ ಕೇಳುವ ಪ್ರಶ್ನೆ ಬೇರೆಯೇ ಇರಬಹುದು. ‘ನಾ ಸತ್ತಾಗ ಪ್ಲಾಸ್ಟಿಕ್ಕಿನ್ಯಾಗ ಸುತ್ತಿ ಕಳಸ್ತಾರೇನ್ರಿ? ನಮ್ಮವ್ರನ್ನ ಹಂಗ ಕಳಿಸಿದ್ರು.’ ಅವತ್ತು ಹಾಗೆ ಮಾಡಿದವರು ಭಯಕ್ಕೆ ಮಾಡಿದ್ದು. ಉತ್ತರ ಹೀಗೆ: ‘ಇಲ್ರೀ ಅಕ್ಕಾರ. ಗ್ಲೌಸ್ ಹಾಕ್ಕೊಂಡು ಮೈ ತೊಳೀಬಹುದು. ಗಾಯ ಇದ್ರ ಪಟ್ಟಿ ಕಟ್ಟಿದ್ರ ಆತು. ಮಕ್ಕಳು ಮುಖ ಮುಟ್ಟಬಹುದು. ನೀವು ಎತ್ತಿಟ್ಟ ಇಳಕಲ್ ಸೀರಿ ಇದ್ರ ಅದನ್ನ ಉಡಿಸ್ಲಿಕ್ಕೆ ಹೇಳಿಡ್ರಿ.’